ಕುಗ್ಗುವ ಕಲ್ಲು, ಕುಗ್ಗದ ನೀರು

ರೈಲು ಹಳಿಯ ಅಡಿಗೆ ಸುರಿಯುವ ಜಲ್ಲಿ ಮನಸ್ಸಿಗೆ ಬಂದ ಗಾತ್ರದ್ದಲ್ಲ. ಭಾರತೀಯ ರೈಲ್ವೆ ಅದನ್ನು 65, 40, 20 ಮಿಲಿಮೀಟರಿನ ಜರಡಿಗಳಲ್ಲಿ ಆಡಿಸಿ ನೋಡಿಯೇ ಒಪ್ಪಿಕೊಳ್ಳುತ್ತದೆ. ಕಲ್ಲು ತೀರಾ ಸಣ್ಣದಾದರೆ ಮಳೆನೀರು ಬಸಿದುಹೋಗುವುದಿಲ್ಲ, ತೀರಾ ದೊಡ್ಡದಾದರೆ ಸ್ಲೀಪರಿನ ಅಡಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಇದೇ ಹಳಿಯನ್ನು ಮೇಜಿನ ಮೇಲೆ ಪುಟ್ಟದಾಗಿ ಕಟ್ಟಹೊರಟವರಿಗೂ ಜರಡಿಯೇ ಮೊದಲ ಸಲಕರಣೆ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ರೈಲುಮಾರ್ಗವನ್ನೇ ತೆಗೆದುಕೊಳ್ಳೋಣ. ಸುಮಾರು 55 ಕಿಲೋಮೀಟರ್ ದೂರ, 57 ಸುರಂಗ, 109 ಸೇತುವೆ. ಮಾದರಿ ರೈಲುಗಳ ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ ‘ಎಚ್‌ಒ’, ಅಂದರೆ 87ರಲ್ಲಿ 1 ಪಾಲು. ಜರ್ಮನಿಯ ಹ್ಯಾಂಬರ್ಗಿನಲ್ಲಿ 2001ರಲ್ಲಿ ಬಾಗಿಲು ತೆರೆದ ಮಿನಿಯಟೂರ್ ವುಂಡರ್‌ಲಾಂಡ್ ಎಂಬ ಬೃಹತ್ ಪ್ರದರ್ಶನವೂ ಇದೇ ಅಳತೆಯದು. ಈ ಲೆಕ್ಕದಲ್ಲಿ ನಮ್ಮ ಘಟ್ಟದ ದಾರಿ 630 ಮೀಟರಿಗೆ ಇಳಿಯುತ್ತದೆ. ಅಷ್ಟು ಜಾಗ ಯಾರ ಮನೆಯಲ್ಲಿದೆ? ಆದ್ದರಿಂದ ಒಂದು ತಿರುವು, ಒಂದು ಸೇತುವೆ, ಅದರಡಿಯ ಹೊಳೆ, ಪಕ್ಕದಲ್ಲೊಂದಿಷ್ಟು ಕಾಡು, ಕೆಳಗೆ ಅಡಿಕೆ ತೋಟ ಇಷ್ಟನ್ನೇ ಆರಿಸಿಕೊಳ್ಳುವುದು ಜಾಣತನ. ಇಂಥ ತುಣುಕು ನೋಟಕ್ಕೇ ಡಯೋರಾಮಾ ಎನ್ನುವುದು.

ಆ ದಾರಿಯ ಏರು 50ಕ್ಕೆ 1. ಮಾದರಿಯಲ್ಲೂ ಅದು 50ಕ್ಕೆ 1 ಆಗಿಯೇ ಉಳಿಯುತ್ತದೆ. ಉದ್ದ ಕುಗ್ಗುತ್ತದೆ, ಕೋನ ಕುಗ್ಗುವುದಿಲ್ಲ. ಚಿಕ್ಕ ಲೋಕವನ್ನು ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಪ್ರಕೃತಿಯಲ್ಲಿ ಯಾವುದು ಅಳತೆಯೊಂದಿಗೆ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ? ಆಕಾರವನ್ನು ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು. ಆದರೆ ನೀರಿನ ಹನಿ, ಗಾಳಿಯ ಕಣ, ಕಲ್ಲಿನೊಳಗಿನ ಹರಳು, ಗಿಡದ ಜೀವಕೋಶ ನಮ್ಮ ಮಾತು ಕೇಳಿ ಚಿಕ್ಕದಾಗುವುದಿಲ್ಲ. ಹಾಗಾಗಿ ಸಾಮಗ್ರಿ ಹುಡುಕುವುದೆಂದರೆ, ದೊಡ್ಡ ಲೋಕದಲ್ಲಿ ಒಂದು ವಸ್ತು ಹೇಗೆ ಕಾಣುತ್ತದೋ ಚಿಕ್ಕ ಲೋಕದಲ್ಲಿ ಹಾಗೆ ಕಾಣುವ ಬೇರೆಯೇ ವಸ್ತುವನ್ನು ಹುಡುಕುವುದು.

ಜಲ್ಲಿಯಿಂದಲೇ ಶುರುಮಾಡೋಣ. 50 ಮಿಲಿಮೀಟರಿನ ಕಲ್ಲನ್ನು 87ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದು ಮರಳಿನ ಗಾತ್ರ. ಹೊಳೆಮರಳು ಬೇಡ. ನೀರಿನಲ್ಲಿ ಉರುಳಿ ಉರುಳಿ ಅದರ ಮೂಲೆಗಳು ಸವೆದಿರುತ್ತವೆ, ನಿಜವಾದ ಜಲ್ಲಿಗೋ ಚೂಪು ಅಂಚುಗಳಿರುತ್ತವೆ. ಇಲ್ಲಿ ನಮ್ಮ ಊರುಗಳ ಕಟ್ಟಡ ಕೆಲಸದವರು ಬಳಸುವ ಎಂ-ಸ್ಯಾಂಡ್ ಒಳ್ಳೆಯ ವಸ್ತು. ಕ್ರಷರಿನಲ್ಲಿ ಬಂಡೆ ಪುಡಿಮಾಡಿ ತೆಗೆದದ್ದಾದ್ದರಿಂದ ಅದರ ಕಾಳು ಕಾಳಿಗೂ ಮೂಲೆಗಳಿವೆ. ವಿದೇಶದ ಅಂಗಡಿಗಳಿಂದ ದುಬಾರಿ ಪೊಟ್ಟಣ ತರಿಸಿಕೊಳ್ಳುವುದಕ್ಕಿಂತ ಮನೆ ಕಟ್ಟುತ್ತಿರುವವರ ಬಳಿ ಒಂದು ಡಬ್ಬಿ ಕೇಳಿ ತರುವುದೇ ಮೇಲು. ಎರಡು ಜರಡಿ ಬೇಕು. ಮೊದಲನೆಯದು ದಪ್ಪ ಕಾಳನ್ನು ತಡೆಯುತ್ತದೆ, ಎರಡನೆಯದು ದೂಳನ್ನು ಕೆಳಗೆ ಬಿಡುತ್ತದೆ. ನಡುವೆ ಉಳಿದದ್ದು ನಮ್ಮ ಜಲ್ಲಿ.

ಅದನ್ನು ಹಾಗೇ ಹಾಸುವಂತಿಲ್ಲ. ಬಂಡೆ ಪುಡಿಯಲ್ಲಿ ಕಾಗೆಬಂಗಾರದ ಚೂರುಗಳಿರುತ್ತವೆ. ಅರ್ಧ ಮಿಲಿಮೀಟರಿನ ಒಂದು ಹೊಳಪಿನ ಚೂರು ಮಾದರಿ ಲೋಕದಲ್ಲಿ 4 ಸೆಂಟಿಮೀಟರಿನ ಕನ್ನಡಿ. ದೀಪ ಹಾಕಿದರೆ ಹಳಿಯುದ್ದಕ್ಕೂ ಮಿಣುಕುತ್ತದೆ. ಬಟ್ಟಲಿನ ನೀರಿಗೆ ಮರಳು ಹಾಕಿ ತಿರುವಿ, ಕಾಳು ತಳಕ್ಕೆ ಕೂತ ಕೂಡಲೇ ನೀರು ಬಗ್ಗಿಸಿ. ಕಾಗೆಬಂಗಾರದ ಚೂರು ಚಪ್ಪಟೆಯಾದ್ದರಿಂದ ನೀರಿನ ತಡೆ ಅದಕ್ಕೆ ಹೆಚ್ಚು, ನಿಧಾನವಾಗಿ ಇಳಿಯುತ್ತದೆ, ಬಗ್ಗಿಸಿದ ನೀರಿನ ಜೊತೆಗೇ ಹೋಗುತ್ತದೆ. ಒಣಗಿದ ಮೇಲೆ ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮರಳಿನ ಮೇಲೆ ಆಡಿಸಬೇಕು. ಮ್ಯಾಗ್ನೆಟೈಟಿನ ಕಪ್ಪು ಕಾಳುಗಳು ಗಡ್ಡದಂತೆ ಕಾಗದಕ್ಕೆ ಅಂಟಿಕೊಳ್ಳುತ್ತವೆ. ಇದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ಪುಟ್ಟ ಇಂಜಿನ್ನಿನ ಮೋಟಾರಿನಲ್ಲಿ ಅಯಸ್ಕಾಂತವಿದೆ. ಒಂದು ಕಾಳನ್ನು ಅದು ಒಳಗೆ ಎಳೆದುಕೊಂಡರೆ ಮೋಟಾರು ಕೆಟ್ಟಂತೆಯೇ.

ಒಣ ಮರಳಿನ ರಾಶಿಗೆ ಒಂದು ಸೊಗಸಾದ ಗುಣವಿದೆ. ಲಾರಿಯಿಂದ ಸುರಿದ ರಾಶಿಯೂ ಚಮಚದಿಂದ ಸುರಿದ ರಾಶಿಯೂ ಸುಮಾರು ಒಂದೇ ಓರೆಯಲ್ಲಿ, 30ರಿಂದ 35 ಡಿಗ್ರಿಯಲ್ಲಿ, ನಿಲ್ಲುತ್ತವೆ. ಕಾಳಿನ ಮೇಲೆ ಕಾಳು ಜಾರದಂತೆ ಹಿಡಿಯುವುದು ಘರ್ಷಣೆ, ಅದಕ್ಕೆ ರಾಶಿ ದೊಡ್ಡದೋ ಚಿಕ್ಕದೋ ಎಂಬುದು ಲೆಕ್ಕಕ್ಕಿಲ್ಲ. ಹಳಿಯ ಅಂಚಿನ ಇಳಿಜಾರನ್ನೂ, ಕುಸಿದ ಗುಡ್ಡದ ಬುಡದ ಮಣ್ಣನ್ನೂ ನಾವು ಕೆತ್ತಬೇಕಿಲ್ಲ. ಸುರಿದು ಬಿಟ್ಟರೆ ತಾವೇ ಸರಿಯಾದ ರೂಪ ತಾಳುತ್ತವೆ. ಆದರೆ ಕಾಳು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತೀರಾ ಸಣ್ಣದಾದರೆ ಈ ನಿಯಮ ಮುರಿಯುತ್ತದೆ. ಅಣುಗಳ ನಡುವಿನ ಸೆಳೆತವೂ ಗಾಳಿಯ ತೇವವೂ ಕಾಳುಗಳನ್ನು ಒಂದಕ್ಕೊಂದು ಅಂಟಿಸತೊಡಗುತ್ತವೆ, ರಾಶಿ ಗೋಡೆಯಂತೆ ಕಡಿದಾಗಿ ನಿಂತು ಹೆಂಟೆ ಹೆಂಟೆಯಾಗಿ ಬೀಳುತ್ತದೆ. ದೂಳನ್ನು ಜರಡಿಯಿಂದ ಕೆಳಗೆ ಬಿಡಿ ಎಂದದ್ದು ಇದಕ್ಕೇ.

ಈಗ ಅಂಟಿಸುವ ಕೆಲಸ. ನೀರು ಬೆರೆಸಿದ ಫೆವಿಕಾಲಿನ ಒಂದು ಹನಿಯನ್ನು ಒಣ ಮರಳಿನ ಮೇಲೆ ಬಿಟ್ಟು ಹತ್ತಿರದಿಂದ ನೋಡಿ. ಹನಿ ಇಂಗುವುದಿಲ್ಲ. ದುಂಡಗೆ ಮುದುಡಿ, ಮೈತುಂಬ ಮರಳು ಮೆತ್ತಿಕೊಂಡು ಇಳಿಜಾರಿನಲ್ಲಿ ಉರುಳುತ್ತದೆ. ಅದು ಹೋದ ದಾರಿಯಲ್ಲೊಂದು ಗುಂಡಿ. ಹನಿಯ ಮೇಲ್ಮೈ ಸೆಳೆತದ ಎದುರು ಇಷ್ಟು ಹಗುರ ಕಾಳುಗಳ ತೂಕ ಏನೇನೂ ಅಲ್ಲ. ನಿಜವಾದ ಜಲ್ಲಿಯ ಮೇಲೆ ಬಿದ್ದ ಮಳೆಹನಿ ಕಲ್ಲನ್ನು ಕದಲಿಸಲಾರದು, ಇಲ್ಲಿ ಹನಿ ಜಲ್ಲಿಗಿಂತ ದೊಡ್ಡದು. ಇದಕ್ಕೆ ಮದ್ದು ಅಡುಗೆಮನೆಯ ಸಿಂಕಿನ ಪಕ್ಕದಲ್ಲೇ ಇದೆ. ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ನೀರಿನ ಮೇಲ್ಮೈ ಸೆಳೆತವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಮೊದಲು ಆ ನೀರನ್ನು ಮಂಜಿನಂತೆ ಸಿಂಪಡಿಸಿ ಮರಳನ್ನು ಒದ್ದೆ ಮಾಡಿ, ಆಮೇಲೆ ಹಳಿಗಳ ನಡುವೆ ಅಂಟಿನ ಹನಿ ಬಿಡಿ. ಹನಿ ಮುಟ್ಟಿದ್ದೇ ತಡ, ಕಾಳುಗಳ ಸಂದಿಗೊಂದಿಗಳಲ್ಲಿ ಸರ್ರನೆ ಹರಿದು ಮಾಯವಾಗುತ್ತದೆ. ಕಾಳು ಒಂದೂ ಕದಲುವುದಿಲ್ಲ. ಇಷ್ಟು ಹೊತ್ತು ತೊಡಕಾಗಿದ್ದ ಅದೇ ಸೆಳೆತ ಈಗ ಅಂಟನ್ನು ಮೂಲೆಮೂಲೆಗೂ ಎಳೆದೊಯ್ಯುತ್ತಿದೆ.

ಫೆವಿಕಾಲ್ ಬಿಳಿಯಾಗಿ ಕಾಣುವುದು ಅದರೊಳಗೆ ತೇಲುವ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನ ಪಾಲಿಮರ್ ಉಂಡೆಗಳು ಬೆಳಕನ್ನು ಚದುರಿಸುವುದರಿಂದ. ನೀರು ಆರಿದಂತೆ ಕೊನೆಯ ತೇವ ಉಳಿಯುವುದು ಎರಡು ಕಾಳುಗಳು ಮುಟ್ಟುವ ಸಂದಿಯಲ್ಲಿ. ಉಂಡೆಗಳೆಲ್ಲ ಅಲ್ಲಿಗೇ ಬಂದು ಸೇರಿ, ಒಂದರೊಳಗೊಂದು ಬೆರೆತು, ಗಾಜಿನಂಥ ಪುಟ್ಟ ಸೇತುವೆಯಾಗುತ್ತವೆ. ಚದುರಿಸಲು ಉಂಡೆಗಳೇ ಇಲ್ಲವಾದಾಗ ಬಿಳುಪೂ ಹೋಗುತ್ತದೆ. ಅಂಟು ಎಲ್ಲಿ ಬೇಕೋ ಅಲ್ಲೇ ನಿಂತಿದೆ, ಕಣ್ಣಿಗೆ ಕಾಣುತ್ತಲೂ ಇಲ್ಲ. ಈ ಕೆಲಸವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಅಂಟು ಕುಡಿದ ಮಣ್ಣು ಒಣಗಿದ ಮೇಲೂ ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ. ಕಾಳುಗಳ ನಡುವೆ ಗಾಳಿ ಇದ್ದಾಗ ಬೆಳಕು ಚೆನ್ನಾಗಿ ಚದುರುತ್ತಿತ್ತು, ಈಗ ಆ ಜಾಗದಲ್ಲಿ ಅಂಟು ಕೂತಿದೆ. ಹಿತ್ತಲ ಕೆಂಪುಮಣ್ಣು ತರುವುದಾದರೆ ಬೇಕಾದದ್ದಕ್ಕಿಂತ ಒಂದು ಛಾಯೆ ಮಾಸಲಾದದ್ದನ್ನೇ ಆರಿಸಿ. ತಂದದ್ದನ್ನು ಹಂಚಿನ ಮೇಲೆ ಚೆನ್ನಾಗಿ ಬಿಸಿಮಾಡಿ, ಹುಳುವಿನ ಮೊಟ್ಟೆಗಳೂ ಬೂಷ್ಟಿನ ಬೀಜಕಣಗಳೂ ಸಾಯಲಿ. ಕಾಫಿ ಚರಟ, ರವೆ, ಅಕ್ಕಿಹಿಟ್ಟು ಬಳಸುವವರಿದ್ದಾರೆ. ನೋಡಲು ಚೆನ್ನ, ಆದರೆ ಮಲೆನಾಡಿನ ಆಷಾಢದ ತೇವದಲ್ಲಿ ತಿನ್ನುವ ಪದಾರ್ಥಕ್ಕೆ ಬೂಷ್ಟು, ಇರುವೆ ಎರಡೂ ತಪ್ಪಿದ್ದಲ್ಲ.

ಬಂಡೆಯ ವಿಷಯ ಇನ್ನೂ ಸ್ವಾರಸ್ಯದ್ದು. ಭೂವಿಜ್ಞಾನಿಗಳು ಬಂಡೆಯ ಫೋಟೊ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುತ್ತಾರೆ. ಇಡದಿದ್ದರೆ ಚಿತ್ರದಲ್ಲಿರುವುದು ಬೆಟ್ಟದ ಕಡಿದಾದ ಮುಖವೋ ಅಂಗೈಯಲ್ಲಿ ಹಿಡಿಯುವ ಚೂರೋ ಹೇಳಲಾಗುವುದಿಲ್ಲ. ದೊಡ್ಡ ಬಿರುಕಿನೊಳಗೆ ಸಣ್ಣ ಬಿರುಕು, ಅದರೊಳಗೆ ಇನ್ನೂ ಸಣ್ಣದು. ಎಷ್ಟು ಹತ್ತಿರ ಹೋದರೂ ಒರಟುತನ ಒಂದೇ ಬಗೆ. ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟು ಎಂಬ ಪ್ರಶ್ನೆ ಎತ್ತಿ ಚರ್ಚಿಸಿದ್ದು ಇದನ್ನೇ, ಮುಂದೆ ಅವರೇ ಇಂಥ ಆಕಾರಗಳನ್ನು ಫ್ರ್ಯಾಕ್ಟಲ್ ಎಂದು ಕರೆದರು. ಹಾಗಾದರೆ ಘಟ್ಟದ ಬಂಡೆಗೆ ಘಟ್ಟದ್ದೇ ಕಲ್ಲುಚೂರು ಇಟ್ಟರಾಯಿತಲ್ಲ?

ಆಗುವುದಿಲ್ಲ. ಆಕಾರ ಒಪ್ಪುತ್ತದೆ, ಮೈ ಒಪ್ಪುವುದಿಲ್ಲ. ನಮ್ಮ ಗ್ರಾನೈಟು, ನೈಸ್ ಬಂಡೆಗಳಲ್ಲಿ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. 5 ಮಿಲಿಮೀಟರಿನ ಒಂದು ಫೆಲ್ಡ್‌ಸ್ಪಾರ್ ಹರಳು 87ರ ಲೋಕದಲ್ಲಿ 43 ಸೆಂಟಿಮೀಟರ್ ಆಗುತ್ತದೆ. ಪಕ್ಕದಲ್ಲಿ ನಿಂತ ಗ್ಯಾಂಗ್‌ಮನ್ ಗೊಂಬೆಯ ಮೊಣಕಾಲೆತ್ತರದ ಹರಳುಗಳಿರುವ ಬಂಡೆ! ಗ್ರಾನೈಟಿನ ಮಾದರಿಗೆ ಗ್ರಾನೈಟೇ ಒಗ್ಗದು. ಬೇಕಾದದ್ದು ಕಣ್ಣಿಗೆ ಕಾಣದಷ್ಟು ನುಣುಪು ಹರಳಿನ ವಸ್ತು, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿಗೆ ಕಾಯಿಸಿದಾಗ ಅದು ತನ್ನೊಳಗಿನ ನೀರಿನ ಮುಕ್ಕಾಲು ಪಾಲು ಕಳೆದುಕೊಂಡು ಈ ಪುಡಿಯಾಗುತ್ತದೆ. ನೀರು ಬೆರೆಸಿದರೆ ಕಳೆದುಕೊಂಡದ್ದನ್ನು ಮತ್ತೆ ಪಡೆದು, ಸೂಜಿಯಂಥ ಹರಳುಗಳಾಗಿ ಬೆಳೆದು ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಕೈಯಿಟ್ಟು ನೋಡಿದರೆ ಬೆಚ್ಚಗಿರುವುದು ಆ ಕ್ರಿಯೆಯ ಶಾಖದಿಂದ. ಪ್ಲಾಸ್ಟರ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರನ್ನು ತನ್ನದಾಗಿಸಿಕೊಂಡು.

ಆಕಾರವನ್ನು ನಿಜವಾದ ಕಲ್ಲಿನಿಂದ, ಮೈಯನ್ನು ಪ್ಲಾಸ್ಟರಿನಿಂದ ಪಡೆಯುವ ಉಪಾಯವೂ ಇದೆ. ಬಿರುಕುಗಳಿರುವ ಒಂದು ಒಳ್ಳೆಯ ಕಲ್ಲು ಹುಡುಕಿ, ತೊಳೆದು, ಅದರ ಮೇಲೆ ರಬ್ಬರ್ ಹಾಲನ್ನು ಪದರ ಪದರವಾಗಿ ಬಳಿಯುತ್ತಾರೆ. ನಡುವೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಇಟ್ಟರೆ ಗಟ್ಟಿ. ಒಣಗಿದ ಮೇಲೆ ಸುಲಿದರೆ ಕಲ್ಲಿನ ಒಂದೊಂದು ಗೆರೆಯನ್ನೂ ಹಿಡಿದ ಅಚ್ಚು ಸಿಗುತ್ತದೆ, ಅದರಲ್ಲಿ ಪ್ಲಾಸ್ಟರ್ ಹುಯ್ಯುವುದು. ನಮ್ಮ ಘಟ್ಟದ ಬುಡದ ಸುಳ್ಯದ ಕಡೆಯ ತೋಟಗಳಲ್ಲಿ ರಬ್ಬರ್ ಹಾಲಿಗೇನೂ ಬರವಿಲ್ಲ. ಬೆಟ್ಟದ ಒಡಲಿಗೆ ಥರ್ಮಕೋಲ್ ಸಾಕು. ಅದಕ್ಕೆ ನೀರು ಬೆರೆಯುವ ಅಂಟನ್ನೇ ಬಳಸಬೇಕು, ಥಿನ್ನರ್ ವಾಸನೆಯ ಅಂಟು ತಗಲಿದರೆ ಥರ್ಮಕೋಲ್ ಕರಗಿಹೋಗುತ್ತದೆ.

ಮರಗಳಿಗೆ ಬರೋಣ. ಮರದ ಯಾವುದೇ ಎತ್ತರದಲ್ಲಿ ಎಲ್ಲ ಕೊಂಬೆಗಳನ್ನೂ ಒಟ್ಟು ಸೇರಿಸಿದರೆ ಅವುಗಳ ದಪ್ಪ ಬುಡದ ಕಾಂಡದಷ್ಟೇ ಆಗುತ್ತದೆ ಎಂದು ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಗಾಳಿಯ ಹೊಡೆತಕ್ಕೆ ಮುರಿಯದೆ ನಿಲ್ಲಬೇಕಾದ ಮರ ಹೀಗೆಯೇ ಬೆಳೆಯಬೇಕಾಗುತ್ತದೆ ಎಂದು 2011ರಲ್ಲಿ ಕ್ರಿಸ್ತೋಫ್ ಎಲ್ವಾ ಎಂಬ ಫ್ರೆಂಚ್ ವಿಜ್ಞಾನಿ ಲೆಕ್ಕಹಾಕಿ ತೋರಿಸಿದರು. ಮಾದರಿ ಮರ ಮಾಡುವವರು ಈ ನಿಯಮವನ್ನು ಓದದೆಯೇ ಪಾಲಿಸುತ್ತಾರೆ. 64 ತೆಳು ತಾಮ್ರದ ತಂತಿಗಳನ್ನು ಒಟ್ಟಿಗೆ ಹೊಸೆದರೆ ಕಾಂಡ. ಮೇಲೆ ಬಂದಂತೆ 32 ಮತ್ತು 32 ಎಂದೋ, 40 ಮತ್ತು 24 ಎಂದೋ ಬೇರ್ಪಡಿಸಿ ಹೊಸೆದರೆ ಕೊಂಬೆ. ಹೀಗೆ ತುದಿಯಲ್ಲಿ ಒಂಟಿ ತಂತಿ ಉಳಿಯುವವರೆಗೆ. ತಂತಿಗಳ ಒಟ್ಟು ಸಂಖ್ಯೆ ಎಲ್ಲಿಯೂ ಬದಲಾಗದ ಕಾರಣ ಲಿಯೊನಾರ್ಡೊನ ಲೆಕ್ಕ ತಾನಾಗಿ ಸರಿಹೋಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸಿನ ಹಾರ್ವರ್ಡ್ ಫಾರೆಸ್ಟಿನ ಫಿಶರ್ ಮ್ಯೂಸಿಯಮ್ಮಿನಲ್ಲಿ ಕಾಡಿನ ಚರಿತ್ರೆ ಹೇಳುವ 23 ಡಯೋರಾಮಾಗಳಿವೆ. 1930ರ ದಶಕದಲ್ಲಿ ಶುರುವಾದ ಆ ಕೆಲಸದಲ್ಲಿ ಮರಗಳನ್ನು ಮಾಡಿದ್ದು ತಾಮ್ರದ ತಂತಿಯಿಂದಲೇ. ಸಣ್ಣ ಅಳತೆಯಲ್ಲಿ ಕಾಡನ್ನು ಅಷ್ಟು ಪ್ರೀತಿಯಿಂದ ಕಟ್ಟಿದ ಉದಾಹರಣೆ ಅಪರೂಪ.

ಅಡಿಕೆ ಮರಕ್ಕೆ ಈ ಕ್ರಮ ನಡೆಯದು. ಅದು ಕವಲೊಡೆಯುವುದಿಲ್ಲ, ಬುಡದಿಂದ ತುದಿಯವರೆಗೆ ಹೆಚ್ಚೂಕಡಿಮೆ ಒಂದೇ ದಪ್ಪ. 13 ಮೀಟರಿನ ಮರ 15 ಸೆಂಟಿಮೀಟರ್ ಆಗುತ್ತದೆ, ಅಂಗೈಯಗಲದ ಕಾಂಡ ಒಂದೂವರೆ ಮಿಲಿಮೀಟರ್ ಆಸುಪಾಸು. 16 ಗೇಜಿನ ಒಂದೇ ತಂತಿ ಸಾಕು. ಸೋಗೆ ಬಿದ್ದ ಗುರುತಿನ ಉಂಗುರಗಳಿಗೆ ಹೊಲಿಗೆ ದಾರ ಸುತ್ತಬಹುದು. ಸೋಗೆಗೆ ಕೋಳಿಯ ಪುಕ್ಕ. ನಡುವೆ ದಿಂಡು, ಎರಡೂ ಬದಿಗೆ ಎಸಳು, ರಚನೆ ಸೋಗೆಯದೇ. ಆದರೆ ಪುಕ್ಕದ ಎಸಳುಗಳನ್ನು ಕಣ್ಣಿಗೆ ಕಾಣದ ಕೊಕ್ಕೆಗಳು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ, ಹಾರಲು ಅದು ಬೇಕು. ಸೋಗೆಯ ಗರಿಗಳು ಬಿಡಿಬಿಡಿ. ಪುಕ್ಕವನ್ನು ತುದಿಯಿಂದ ಬುಡದತ್ತ ಹಿಮ್ಮುಖವಾಗಿ ನೀವಿದರೆ ಕೊಕ್ಕೆಗಳು ಬಿಡುತ್ತವೆ, ಪುಕ್ಕ ಸೋಗೆಯಾಗುತ್ತದೆ.

ಉಳಿದ ಮರಗಳ ಎಲೆಗೆ ಹಿಂದೆ ಬಣ್ಣ ಹಾಕಿದ ಮರದ ಹೊಟ್ಟು ಬಳಸುತ್ತಿದ್ದರು, ಈಗ ಹೆಚ್ಚಿನವರು ಪಾಲಿಯುರೆಥೇನ್ ಸ್ಪಂಜನ್ನು ಮಿಕ್ಸಿಯಲ್ಲಿ ಪುಡಿಮಾಡಿ ಬಣ್ಣ ಹಾಕುತ್ತಾರೆ. ಸ್ಪಂಜಿನ ಚೂರಿನಲ್ಲಿ ತೂತುಗಳೇ ಹೆಚ್ಚು, ಆದ್ದರಿಂದ ಎಲೆಗೊಂಚಲಿನಂತೆ ಅದು ಬೆಳಕನ್ನು ಅಲ್ಲಲ್ಲಿ ಒಳಗೆ ಬಿಟ್ಟುಕೊಂಡು ನೆರಳು ಕೊಡುತ್ತದೆ. ಪೊದೆಗಳಿಗೆ ಯುರೋಪಿನವರು ಬಳಸುವುದು ಉತ್ತರದ ಚಳಿನಾಡುಗಳಲ್ಲಿ ಬೆಳೆಯುವ, ಹಿಮಸಾರಂಗ ಮೇಯುವ ಒಂದು ಜಾತಿಯ ಕಲ್ಲುಹೂ. ಅದನ್ನು ಗ್ಲಿಸರಿನ್‌ನಲ್ಲಿ ನೆನೆಸಿರುತ್ತಾರೆ. ಗ್ಲಿಸರಿನ್ ಗಾಳಿಯ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ವರ್ಷಗಟ್ಟಲೆ ಮೆತ್ತಗಿರುತ್ತದೆ. ಆದರೆ ಅದು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ನಮ್ಮ ಕಾಡಿನ ಕಲ್ಲುಹೂ, ಪಾಚಿಗಳೂ ನಿಧಾನದವೇ. ಒಂದು ಮೇಜಿನ ಅಲಂಕಾರಕ್ಕಾಗಿ ಘಟ್ಟದ ಮರಗಳ ಮೈ ಕೆರೆಯುವುದನ್ನು ನಾನು ಒಪ್ಪಲಾರೆ. ತಂದರೂ ಹಸಿರು ಉಳಿಯುವುದಿಲ್ಲ. ಒಣಗಿದ ಎಲೆಯ ಕ್ಲೋರೊಫಿಲ್ ಬೆಳಕಿಗೆ ಒಡೆದು ಕಂದಾಗುತ್ತದೆ. ತೆಂಗಿನ ನಾರು, ನಾರಿನ ಪುಡಿ ಎಷ್ಟು ಬೇಕಾದರೂ ಸಿಗುತ್ತವೆ, ಕಂದುಬಣ್ಣದ ಕುರುಚಲಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಹುಲ್ಲನ್ನು ನೆಟ್ಟಗೆ ನಿಲ್ಲಿಸುವುದು ವಿದ್ಯುತ್ತಿನ ಕೆಲಸ. ಹುಲ್ಲಿನ ಬದಲಿಗೆ 2ರಿಂದ 6 ಮಿಲಿಮೀಟರ್ ಉದ್ದದ ನೈಲಾನ್ ಎಳೆಗಳು. ಕೈಯಲ್ಲಿ ಹಿಡಿಯುವ ಜಾಲರಿಗೂ ಅಂಟು ಬಳಿದ ನೆಲಕ್ಕೂ ನಡುವೆ ಹತ್ತು ಸಾವಿರ ವೋಲ್ಟ್‌ನಷ್ಟು ಒತ್ತಡ ಕೊಟ್ಟಾಗ ಎಳೆಗಳು ವಿದ್ಯುತ್ ಕ್ಷೇತ್ರದ ದಿಕ್ಕಿಗೆ ತಿರುಗಿ, ಹಾರಿ, ಅಂಟಿನಲ್ಲಿ ನಾಟಿಕೊಳ್ಳುತ್ತವೆ. 6 ಮಿಲಿಮೀಟರಿನ ಎಳೆ ಮೊಣಕಾಲೆತ್ತರದ ಹುಲ್ಲು. ಒಡವೆ ಪೆಟ್ಟಿಗೆಯ ಒಳಗಿನ ಮಖಮಲ್ಲಿನಂಥ ಹಾಸನ್ನೂ ಕಾರ್ಖಾನೆಗಳಲ್ಲಿ ಹೀಗೆಯೇ ಮಾಡುವುದು. ನಮ್ಮಲ್ಲಿ ದಸರಾ ಗೊಂಬೆ ಕೂರಿಸುವವರು ತಟ್ಟೆಯಲ್ಲಿ ರಾಗಿ ಮೊಳೆಸಿ ಪಾರ್ಕು, ಗದ್ದೆ ಮಾಡುತ್ತಾರೆ. ಬೊಂಬೆಯ ಪಕ್ಕದಲ್ಲಿ ಅದು ಒಪ್ಪುತ್ತದೆ, ಏಕೆಂದರೆ ಬೊಂಬೆ ಅಷ್ಟು ಚಿಕ್ಕದಲ್ಲ. 87ರ ಲೋಕದಲ್ಲಿ 5 ಸೆಂಟಿಮೀಟರಿನ ರಾಗಿ ಪೈರು ನಾಲ್ಕು ಮೀಟರಿಗಿಂತ ಎತ್ತರದ ಬಿದಿರುಮೆಳೆ. ಜೀವಕೋಶದ ಗಾತ್ರ ಕುಗ್ಗದ ಮೇಲೆ ಗಿಡವೂ ಒಂದು ಮಿತಿ ದಾಟಿ ಕುಗ್ಗಲಾರದು.

ಗಾಳಿಯೂ ಅಷ್ಟೇ. ಸಕಲೇಶಪುರದ ದಾರಿಯಲ್ಲಿ ನಿಂತು ನೋಡಿದರೆ ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ನೀಲಿ ಬೆರೆತ ಹಸಿರು, ಕೊನೆಯದು ಬರೀ ಮಸುಕು ನೀಲಿ. ನಡುವಿನ ಕಿಲೋಮೀಟರುಗಟ್ಟಲೆ ಗಾಳಿ, ಆವಿ ಬೆಳಕನ್ನು ಚದುರಿಸುವುದೇ ಕಾರಣ. ಮೇಜಿನ ಮೇಲೆ ಹಿಂದಿನ ಗುಡ್ಡ ಇರುವುದು ಒಂದು ಮೀಟರ್ ಆಚೆಗೆ. ಅಷ್ಟು ಗಾಳಿ ಏನನ್ನೂ ಮಸುಕಾಗಿಸದು. ಆದ್ದರಿಂದ ಹಿಂದೆ ಹೋದಂತೆ ಬಣ್ಣಕ್ಕೆ ಬಿಳಿ, ನೀಲಿ ನಾವೇ ಬೆರೆಸಬೇಕು. ಗೊಂಬೆಯ ಅಂಗಿಗೂ ಇಂಜಿನ್ನಿಗೂ ಇದೇ ಮಾತು, ನಿಜವಾದ ಇಂಜಿನ್ನಿನ ಡಬ್ಬಿಯದೇ ಬಣ್ಣ ಬಳಿದರೆ ಮಾದರಿ ಆಟಿಕೆಯಾಗಿ ಕಾಣುತ್ತದೆ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ 1936ರಲ್ಲಿ ತೆರೆದ ಏಕ್ಲಿ ಸಭಾಂಗಣದ ಪ್ರಾಣಿ ಡಯೋರಾಮಾಗಳ ಹಿಂಬದಿ ಗೋಡೆ ಚಪ್ಪಟೆಯಲ್ಲ, ಬಾಗಿದ್ದು. ಕಣ್ಣಿಗೆ ಮೂಲೆ ಸಿಗದಿದ್ದರೆ ದೂರ ಎಷ್ಟೆಂದು ತಿಳಿಯುವುದಿಲ್ಲ. ಆ ಮ್ಯೂಸಿಯಮ್ಮಿನ ಚಿತ್ರಕಾರ ಜೇಮ್ಸ್ ಪೆರಿ ವಿಲ್ಸನ್ ಬಾಗಿದ ಗೋಡೆಯ ಮೇಲೆ ನೋಟ ಸೊಟ್ಟಗಾಗದಂತೆ ಚೌಕುಳಿ ಗೆರೆಗಳ ಲೆಕ್ಕ ಹಾಕಿ ಆಕಾಶ ಬರೆಯುತ್ತಿದ್ದರು.

ಕೊನೆಗೆ ಹೊಳೆ. ಎಲ್ಲಕ್ಕಿಂತ ಕಷ್ಟದ್ದು ಇದು. ನಿಜವಾದ ನೀರನ್ನೇ ಹರಿಸೋಣ ಎಂದು ಹೊಸಬರಿಗೆಲ್ಲ ಅನಿಸುತ್ತದೆ. ನೀರಿನ ಅಲೆ ಸುಮಾರು 1.7 ಸೆಂಟಿಮೀಟರಿಗಿಂತ ಉದ್ದವಾಗಿದ್ದರೆ ಅದನ್ನು ಆಳುವುದು ಗುರುತ್ವ, ಗಿಡ್ಡವಾಗಿದ್ದರೆ ಮೇಲ್ಮೈ ಸೆಳೆತ. 87ರ ಲೋಕದಲ್ಲಿ ಆ ಗಡಿ ಒಂದೂವರೆ ಮೀಟರಿಗೆ ಸಮ. ಅಂದರೆ ಹೊಳೆಯ ಸಣ್ಣಪುಟ್ಟ ಅಲೆಗಳೆಲ್ಲ ತಪ್ಪು ಕಾನೂನಿಗೆ ಸಿಕ್ಕಿಬೀಳುತ್ತವೆ. ದಡದ ಕಲ್ಲಿಗೆ ತಾಗಿದಲ್ಲಿ ನೀರು ಎರಡು ಮೂರು ಮಿಲಿಮೀಟರ್ ಮೇಲೇರಿ ಅಂಟಿಕೊಳ್ಳುತ್ತದೆ, ಅದು ಗೇಣುದ್ದದ ಏರಿ. ಕಾಲವೂ ಕೈಕೊಡುತ್ತದೆ. 9 ಮೀಟರಿನ ಜಲಪಾತದ ನೀರು ಕೆಳಗೆ ಬೀಳಲು ಒಂದೂವರೆ ಸೆಕೆಂಡಿಗೆ ತುಸು ಕಡಿಮೆ ಹಿಡಿದರೆ, 10 ಸೆಂಟಿಮೀಟರಿನ ಜಲಪಾತಕ್ಕೆ ಅದರ ಒಂಬತ್ತನೇ ಒಂದು ಪಾಲು ಸಾಕು. ಸಿನಿಮಾದವರು ಪುಟ್ಟ ಹಡಗು, ಪುಟ್ಟ ಪ್ರವಾಹಗಳನ್ನು ಚಿತ್ರಿಸುವಾಗ ಕ್ಯಾಮೆರಾದ ವೇಗ ಹೆಚ್ಚಿಸಿ ಇದನ್ನು ಸರಿದೂಗಿಸುತ್ತಾರೆ. 16ರಲ್ಲಿ 1 ಪಾಲಿನ ಮಾದರಿಗೆ ಸೆಕೆಂಡಿಗೆ 24ರ ಬದಲು 96 ಚಿತ್ರ. ಮೇಜಿನ ಮುಂದೆ ಕೂತ ನಮ್ಮ ಕಣ್ಣಿಗೆ ಆ ಸೌಲಭ್ಯವಿಲ್ಲ.

ಹಾಗಾಗಿ ನೀರಿಗೆ ನೀರಲ್ಲದ್ದು, ಎಪಾಕ್ಸಿ. ಎರಡು ದ್ರವ ಬೆರೆಸಿದಾಗ ಶಾಖ ಬಿಟ್ಟುಕೊಂಡು ಗಟ್ಟಿಯಾಗುತ್ತದೆ. ದಪ್ಪಗೆ ಹುಯ್ದರೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೂಡಿ, ಬಿರುಕು ಬಿಡುತ್ತದೆ, ಥರ್ಮಕೋಲನ್ನೂ ಕರಗಿಸೀತು. ಕೆಲವೇ ಮಿಲಿಮೀಟರಿನ ಪದರ ಹುಯ್ದು, ಆರಿದ ಮೇಲೆ ಮುಂದಿನದು. ಆಳದ ಭ್ರಮೆ ಬರುವುದು ಎಪಾಕ್ಸಿಯಿಂದ ಅಲ್ಲ, ಅದರಡಿಯ ಬಣ್ಣದಿಂದ. ನಿಜವಾದ ಮಡುವಿನಲ್ಲಿ ಕೆಲವು ಮೀಟರ್ ನೀರು ಬೆಳಕಿನ ಕೆಂಪನ್ನು ಹೀರಿಬಿಡುತ್ತದೆ. ಒಂದು ಸೆಂಟಿಮೀಟರ್ ಎಪಾಕ್ಸಿ ಏನನ್ನೂ ಹೀರುವುದಿಲ್ಲ. ದಡದಲ್ಲಿ ಮರಳಿನ ಕಂದು, ಒಳಗೆ ಹೋದಂತೆ ಹಸಿರು, ನಟ್ಟನಡುವೆ ಕಪ್ಪಿಗೆ ಹತ್ತಿರದ ಹಸಿರು ಹೀಗೆ ತಳವನ್ನು ಮೊದಲೇ ಬಳಿದಿರಬೇಕು. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ, ಅತಿನೇರಳೆ ಕಿರಣಕ್ಕೆ ಎಪಾಕ್ಸಿ ಹಳದಿಯಾಗುತ್ತದೆ.

ಘಟ್ಟದ ಹೊಳೆಯೆಂದರೆ ಎಲ್ಲರ ಕಣ್ಣ ಮುಂದೆ ಬರುವುದು ಜುಲೈ ತಿಂಗಳ ಭೋರ್ಗರೆತ. ಮಾದರಿಗೆ ನಾನು ಆರಿಸುವುದು ನವೆಂಬರಿನ ಕೊನೆಯನ್ನು. ಆಗ ಮಳೆ ನಿಂತಿರುತ್ತದೆ, ಹುಲ್ಲಿನ ತುದಿ ಹಳದಿಗೆ ತಿರುಗುತ್ತಿರುತ್ತದೆ, ಹೊಳೆ ಇಳಿದು ಬಂಡೆಗಳ ನಡುವೆ ಸ್ಪಷ್ಟವಾದ ಮಡುಗಳಾಗಿ ನಿಂತಿರುತ್ತದೆ. ನೊರೆಯಿಲ್ಲ, ಸಿಡಿಯುವ ಹನಿಯಿಲ್ಲ. ಮಡುವಿನಿಂದ ಮಡುವಿಗೆ ಇಳಿಯುವ ಸಣ್ಣ ನೀರಿಗೆ ಪಾರದರ್ಶಕ ಸಿಲಿಕೋನಿನ ನಾಲ್ಕಾರು ಎಳೆಗಳನ್ನು ಎಳೆದು, ಅದು ಆರುವ ಮೊದಲು ಒದ್ದೆ ಬ್ರಷ್ಷಿನಿಂದ ಬಂಡೆಯ ಅಂಚಿಗೆ ಒತ್ತಿದರೆ ಸಾಕು.